ಕೊಳ್ಳಿ ಇಡದ ಮಗ

ಎರಡನೆಯ ತಂಬಿಗೆ ನೀರು ಹುಯ್ದು, ಬೆನ್ನು ತೊಳೆಯಲೆಂದು ಅತ್ತೆಯ ಹೆಣವನ್ನು ಮಗ್ಗುಲಿಗೆ ಹೊರಳಿಸಿದ ಮೀನಾಕ್ಷಿಯ ಕೈ ಅಲ್ಲಿಯೇ ನಿಂತಿತು. ಭೀಮಿಬಾಯಿಯ ಎರಡೂ ತೊಡೆಗಳ ಹಿಂಭಾಗದಲ್ಲಿ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಇತ್ತು. ಗೇಣಗಲದ ಪಟ್ಟಿ, ದಾರ ಹಿಡಿದು ಎಳೆದಷ್ಟು ನೇರ. ಬೆರಳಿಟ್ಟರೆ ಒಳಗೆ ಎಲುಬು ಅಲುಗುತ್ತಿತ್ತು.

ಅಡ್ಡ ಹಿಡಿದ ಸೀರೆಯ ಆಚೆಯಿಂದ ಖೀರಪ್ಪನ ದನಿ ಬಂತು. "ಲಗೂನ ಮುಗಸ್ರಿ. ಬಿಸಲು ಏರಾಕತ್ತೈತಿ."

ಸೀರೆಯ ಒಂದು ತುದಿ ಹಿಡಿದಿದ್ದವಳು ಚಾಂದಿಬಾಯಿ. ಭೀಮಿಬಾಯಿಯ ಜೊತೆ ಇಪ್ಪತ್ತು ವರ್ಷ ಬೀಚಿನಲ್ಲಿ ಮಣಿಸರ ಮಾರಿದವಳು. ಅವಳೂ ಬಗ್ಗಿ ನೋಡಿದಳು.

"ಕಾಕು, ಎದಿ ಹಿಡಕೊಂಡು ಮುಂದಕ್ಕ ಬಿದ್ದಾಕಿಗಿ ಹಿಂದ ಹಿಂಗ ಬಾಸುಂಡಿ ಏಳತಾವೇನ?" ಎಂದು ಮೀನಾಕ್ಷಿ ಪಿಸುಗುಟ್ಟಿದಳು.

"ಸುಮ್ನ ನೀರು ಹಾಕು. ಹೊರಗ ನಾಯ್ಕ ಅದಾನ."

ಖೀರಪ್ಪನನ್ನು ಇಲ್ಲಿ ಎಲ್ಲರೂ ನಾಯ್ಕ, ಅಂದರೆ ತಾಂಡಾದ ಮುಖ್ಯಸ್ಥ, ಎಂದೇ ಕರೆಯುತ್ತಿದ್ದರು. ವಿಜಯಪುರದ ಕಡೆಯ ಇವರದೇ ಲಂಬಾಣಿ ತಾಂಡಾದಿಂದ ಎಲ್ಲರಿಗಿಂತ ಮೊದಲು ಗೋವಾಕ್ಕೆ ಬಂದವ. ಪ್ರವಾಸಿಗರಿಗೆ ಸ್ಕೂಟರು, ಜೀಪು ಬಾಡಿಗೆಗೆ ಕೊಡುತ್ತಿದ್ದ. ಕುಂಕಳ್ಳಿಯ ಕಾರ್ಖಾನೆಗಳ ಹಿಂದಿದ್ದ ಈ ಚಾಳಿನ ಹನ್ನೆರಡು ಖೋಲಿಗಳೂ ಅವನವೇ. ಅವನ ಮನಸ್ಸು ಮುರಿದರೆ ಮಳೆಗಾಲದಲ್ಲೂ ಸೂರು ಸಿಗುತ್ತಿರಲಿಲ್ಲ.

ನಿನ್ನೆ ಮೀನಾಕ್ಷಿ ಮಣಿ ತರಲು ಮಡಗಾಂವಿಗೆ ಹೋಗಿದ್ದಳು. ಅವಳು ಮರಳುವಷ್ಟರಲ್ಲಿ ಖೀರಪ್ಪ ತನ್ನ ಬಿಳಿ ವ್ಯಾನಿನಲ್ಲಿ ಹೆಣವನ್ನು ತಂದು, ಮಗ ಪಾಂಡುವಿನ ಖೋಲಿಯ ಮುಂದೆ ಇಳಿಸಿದ್ದ. ಬೀಚಿನಿಂದ ಬಸ್ಸಿನ ರಸ್ತೆಗೆ ಬರುವ ಮರಳು ದಾರಿಯಲ್ಲಿ ಮುದುಕಿ ಎದೆನೋವಿನಿಂದ ಬಿದ್ದಳಂತೆ, ಹಣೆ ಕಲ್ಲಿಗೆ ಬಡಿಯಿತಂತೆ, ತಾನೇ ಕಂಡು ಡಾಕ್ಟರರ ಬಳಿ ಒಯ್ದನಂತೆ. ಡಾಕ್ಟರರ ಚೀಟಿಯನ್ನೂ ತೋರಿಸಿದ್ದ. ಉಟ್ಟಿದ್ದ ಕವಡೆ-ಗೊಂಡೆಯ ಲಂಗ ಎಲ್ಲಿ ಎಂದು ಮೀನಾಕ್ಷಿ ಕೇಳಿದಾಗ, ಹರಿದಿತ್ತು, ಎಸೆದೆ ಎಂದಿದ್ದ. ತಾಂಡಾದ ನೆಂಟರು ಬಂದು ಮುಟ್ಟುವುದು ಮಧ್ಯಾಹ್ನವಾದರೂ ಹತ್ತು ಗಂಟೆಗೇ ಸುಡಬೇಕೆಂದು ಹಟ ಹಿಡಿದಿದ್ದ.

ಮೀನಾಕ್ಷಿ ಹೆಣವನ್ನು ಮೆಲ್ಲಗೆ ಮತ್ತೆ ಅಂಗಾತ ಮಲಗಿಸಿದಳು. ಮೂರನೆಯ ತಂಬಿಗೆಯನ್ನು ಹುಯ್ದಳು. ಅಳು ಬರಲಿಲ್ಲ. ಹಲ್ಲು ಹಲ್ಲಿಗೆ ಕೂತಿತ್ತು.

*

ಎರಡು ವರ್ಷದ ಹಿಂದೆ ಅವಳು ಇದೇ ಚಾಳಿನಲ್ಲಿ ಪಾಂಡುವಿನ ಹೆಂಡತಿಯಾಗಿ ಇದ್ದಳು. ಪಾಂಡು ಖೀರಪ್ಪನ ಡ್ರೈವರು. ಒಂದು ದಿನ ಖೀರಪ್ಪ ಅವಳನ್ನು ಗೋದಾಮಿಗೆ ಕರೆಸಿ, ಬಾಗಿಲಿಗೆ ಚಿಲಕ ಹಾಕಿ ಕೈ ಹಿಡಿದ. ಅವಳು ಆ ಕೈಯನ್ನು ರಕ್ತ ಬರುವಂತೆ ಕಚ್ಚಿ ಹೊರಗೆ ಓಡಿದಳು.

ಪಾಂಡು ಎಲ್ಲ ಕೇಳಿದ. "ನೀ ತಪ್ಪು ತಿಳಕೊಂಡಿರಬೇಕು. ಆತ ನಮಗ ತಂದಿ ಇದ್ದಂಗ," ಎಂದ.

ಭೀಮಿಬಾಯಿ ಹೊಸ್ತಿಲಲ್ಲಿ ಕೂತು ಮಣಿ ಪೋಣಿಸುತ್ತಿದ್ದಳು. ಎದ್ದಳು. ಎರಡು ಲಂಗ, ಒಂದು ಕಾಂಚಳಿ ಕುಪ್ಪಸ, ಮಣಿಯ ಡಬ್ಬಿ ಇಷ್ಟನ್ನು ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡಳು.

"ಅವ್ವಾ, ನೀ ಎಲ್ಲಿಗಿ ಹೊಂಟಿ?"

"ಸೊಸಿ ಎಲ್ಲಿಗಿ ಹೊಂಟಾಳ, ಅಲ್ಲಿಗಿ."

ಊರಾಚೆ ಒಬ್ಬ ವಿಧವೆಯ ಖಾಲಿ ಬಿದ್ದ ಗ್ಯಾರೇಜಿನಲ್ಲಿ ಅತ್ತೆ ಸೊಸೆ ಒಲೆ ಹೂಡಿದರು. ಭೀಮಿಬಾಯಿಗೆ ಒಲೆ ಎತ್ತುವುದು ಹೊಸದಾಗಿರಲಿಲ್ಲ. ಗಂಡ ಸಾಂಗೆಯ ಗಣಿಯಲ್ಲಿ ಅದಿರು ತುಂಬುತ್ತಿದ್ದ. ಕೆಮ್ಮಿ ಕೆಮ್ಮಿ ಸತ್ತ. ಅಂದು ಕಂಕುಳಲ್ಲಿದ್ದ ಪಾಂಡುವನ್ನು ಹೊತ್ತುಕೊಂಡು ಅವಳು ಬೀಚಿಗೆ ಇಳಿದಿದ್ದಳು. ಓದು ಬರಹ ಇಲ್ಲ. ಆದರೆ ರಷ್ಯದವರನ್ನು ರಷ್ಯದ ಎರಡು ಮಾತಿನಲ್ಲಿ, ದಿಲ್ಲಿಯವರನ್ನು ಹಿಂದಿಯಲ್ಲಿ, ಓಡಿಸಲು ಬಂದ ಬೀಚಿನ ಕಾವಲಿನವರನ್ನು ಕೊಂಕಣಿಯಲ್ಲಿ ನಿಲ್ಲಿಸುತ್ತಿದ್ದಳು. ಗಿರಾಕಿ ಬೇಡ ಅನ್ನುವುದರೊಳಗೆ ಅವರ ಕಾಲಿಗೆ ಮಣಿಯ ಗೆಜ್ಜೆ ಕಟ್ಟಿ ಮುಗಿಸುತ್ತಿದ್ದಳು. ಕಟ್ಟಿದ ಮೇಲೆ ಬಿಚ್ಚುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ.

ಆ ಎರಡು ವರ್ಷದಲ್ಲಿ ಅವಳು ಗಂಡನ ಮನೆಗೆ ಹೋಗು ಎಂದು ಸೊಸೆಗೆ ಒಮ್ಮೆಯೂ ಹೇಳಲಿಲ್ಲ. ಮಗನನ್ನು ಬೈಯಲೂ ಇಲ್ಲ. ಭಾನುವಾರ ಮಾತ್ರ ಎರಡು ದಪ್ಪ ರೊಟ್ಟಿ ಹೆಚ್ಚು ಬಡಿದು ಚಾಂದಿಬಾಯಿಯ ಕೈಯಲ್ಲಿ ಅವನಿಗೆ ಕಳಿಸುತ್ತಿದ್ದಳು. "ಯಾರು ಕೊಟ್ರು ಅಂತ ಹೇಳಬ್ಯಾಡ." ಆ ದಪ್ಪದ ರೊಟ್ಟಿಯನ್ನು ಕುಂಕಳ್ಳಿಯಲ್ಲಿ ಬೇರೆ ಯಾರೂ ಬಡಿಯುತ್ತಿರಲಿಲ್ಲ.

*

ಹಿತ್ತಲಲ್ಲಿ ಪಾಂಡು ಜಳಕ ಮಾಡಿ, ಒದ್ದೆ ಧೋತರದಲ್ಲಿ ಹಂಡೆಯ ಬೆಂಕಿ ಕೆದಕುತ್ತಿದ್ದ. ಮೀನಾಕ್ಷಿ ಖಾಲಿ ಕೊಡ ಹಿಡಿದು ಅವನ ಎದುರು ನಿಂತಳು. ಎರಡು ವರ್ಷದಲ್ಲಿ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ರಾತ್ರಿಯಿಡೀ ಹೆಣದ ಆ ಕಡೆ ಅವನು, ಈ ಕಡೆ ಇವಳು ಕೂತಿದ್ದರೂ ಒಂದು ಮಾತು ಹುಟ್ಟಿರಲಿಲ್ಲ.

"ನಿಮ್ಮವ್ವ ಬಿದ್ದು ಸತ್ತಿಲ್ಲ. ಹಿಂದಿಂದ ಗಾಡಿ ಹೊಡದೈತಿ. ನೀ ಬಲ್ಲಿ ಏನರ?"

ಒಂದು ಕಾಲದಲ್ಲಿ 'ನೀವು' ಎನ್ನುತ್ತಿದ್ದಳು. ಈಗ 'ನೀ' ಎಂದದ್ದು ಇಬ್ಬರಿಗೂ ಕೇಳಿಸಿತು.

ಪಾಂಡು ತಲೆ ಎತ್ತಿದ. "ಎಷ್ಟು ಎತ್ತರಕ್ಕ ಬಡದೈತಿ?"

ಅವಳು ತನ್ನ ತೊಡೆಯ ಮೇಲೆ ಅಂಗೈ ಅಡ್ಡ ಇಟ್ಟು ತೋರಿಸಿದಳು. ಅವನು ಆ ಕೈಯನ್ನು ನೋಡಿದ. ಆಮೇಲೆ ಖೀರಪ್ಪನ ಅಂಗಳದಲ್ಲಿ ಬಾದಾಮಿ ಮರದ ಕೆಳಗೆ ನಿಂತಿದ್ದ ಹಸಿರು ಜೀಪಿನ ಕಡೆ ನೋಡಿದ. ನೋಡುತ್ತ ನೋಡುತ್ತ ಹಂಡೆಯ ಪಕ್ಕದ ಬೂದಿಯಲ್ಲೇ ಕುಸಿದು ಕೂತ.

"ನಿನ್ನಿ ಹೊತ್ತು ಮುಳುಗಿದ ಮ್ಯಾಲೆ ನಾಯ್ಕ ಜೀಪ್ ತಂದು ನಿಲ್ಲಿಸಿದ. ನಾಯಿ ಅಡ್ಡ ಬಂತು, ತೊಳದು ಬಿಡು ಅಂದ." ಬೂದಿಯಾದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. "ತೊಳದೆ. ಬಂಪರಿನ ಹಿಂದ ಬೋಲ್ಟಿಗಿ ಕೆಂಪು ಗೊಂಡೆ ಸಿಕ್ಕಿತ್ತು, ಕವಡಿ ಇದ್ದದ್ದು. ಬಾಡಿಗಿಯವರು ಕಟ್ಟಿರಬೇಕಂತ ಜಗ್ಗಿದೆ. ಅರ್ಧ ಹರದು ಬಂತು. ಅರ್ಧ ಇನ್ನೂ ಅಲ್ಲೇ ಐತಿ. ತಾಸಿನ ಮ್ಯಾಲೆ ವ್ಯಾನಿನಾಗ ಅವ್ವನ್ನ ತಂದ್ರು. ಮೀನಾ, ನಮ್ಮವ್ವನ ರಕ್ತ ನಾನ ಪೈಪ್ ಹಿಡದು ಗಟಾರಕ್ಕ ಬಿಟ್ಟೇನಿ."

ಮೀನಾಕ್ಷಿಗೆ ಕನಿಕರ ಬರಲಿಲ್ಲ. ಈ ಮನುಷ್ಯ ತನ್ನ ಕಾಲ ಬಳಿ ಕುಸಿಯುವುದನ್ನು ನೋಡಬೇಕೆಂದು ಎಷ್ಟು ದಿನ ಬಯಸಿದ್ದಳೋ. ಈಗ ಕುಸಿದಿದ್ದ. ಇಷ್ಟು ಸಾಲದು ಅನ್ನಿಸಿತು.

"ಅಳೂದು ಆಮ್ಯಾಲೆ. ಗಾಡಿ ಎಲ್ಲಿಗಿ ಹೊಂಟೈತಿ?"

"ಬೆಳಗಾವಿಗಿ. ಕೊಳ್ಳಿ ಇಟ್ಟು, ಜಳಕ ಮಾಡಿ, ಹಂಗ ತಗೊಂಡು ಹೋಗು, ಅಲ್ಲಿ ಗ್ಯಾರೇಜಿಗಿ ಬಿಡು ಅಂದಾನ. ತಾಯಿ ಸತ್ತ ದಿನ ಯಾರರ ಹಿಂಗ ಕಳಸ್ತಾರೇನ ಅಂತ ಅನಸ್ತು. ಕೇಳಲಿಲ್ಲ."

"ನೀ ಎಂದ ಕೇಳೀದಿ?"

ಅವನು ಸೊಂಟದಿಂದ ಜೀಪಿನ ಕೀಲಿ ತೆಗೆದು ಅವಳ ಕೈಗೆ ಹಾಕಿದ. "ಇನ್ನೊಂದು ಕೀಲಿ ಅವನ ಕಡೆ ಐತಿ. ಈಗ ಪೊಲೀಸರನ್ನ ಕರಿಯೂಣು."

"ಈಗ ಕರದ್ರ ಚೀಟಿ ತೋರಿಸ್ತಾನ. ಸೊಸಿಗಿ ತಲಿ ಕೆಟ್ಟೈತಿ ಅಂತಾನ. ಅಷ್ಟರಾಗ ಯಾರನ್ನರ ಹತ್ತಿಸಿ ಗಾಡಿ ದಾಟಸ್ತಾನ. ಅವ ಗಾಡಿ ಬಿಟ್ಟು ಸುಡಗಾಡಿಗಿ ಹೋಗ್ಲಿ. ನೀವು ತಿರುವು ದಾಟಿದ ಕೂಡ್ಲೆ ನಾ ಫೋನ್ ಮಾಡ್ತೀನಿ. ಅವರು ಬರೂತನ ಕೊಳ್ಳಿ ನಿನ್ನ ಕೈಯಾಗ ಇರತೈತಿ. ಎಲ್ಲಾರ ಮುಂದ ಅವನ್ನ ಕೇಳು. ನನ್ನ ನಂಬರಿಗಿ ಫೋನ್ ಹಚ್ಚಿ ಕಿಸೆದಾಗ ಇಟ್ಕೊ. ನಾ ಕೇಳಬೇಕು."

"ನಾ ತೊಳದದ್ದೂ ಹೊರಗ ಬರತೈತಿ."

"ಬರ್ಲಿ," ಎಂದು ಮೀನಾಕ್ಷಿ ಕೊಡ ತುಂಬಿಕೊಂಡು ಒಳಗೆ ಹೋದಳು.

*

ಚಟ್ಟ ಎತ್ತುವಾಗ ಖೀರಪ್ಪ ಎಲ್ಲರಿಗಿಂತ ಮುಂದೆ ಹೆಗಲು ಕೊಟ್ಟ. "ನನ್ನ ಅಕ್ಕ ಇದ್ದಂಗ ಇದ್ಲು," ಎಂದು ಬಿಳಿ ಟವೆಲಿನಿಂದ ಕಣ್ಣು ಒರೆಸಿಕೊಂಡ. ಮೀನಾಕ್ಷಿ ಅವನ ಆ ಹೆಗಲನ್ನು ತಿರುವು ದಾಟುವವರೆಗೂ ನೋಡಿದಳು.

ನೂರಾ ಹನ್ನೆರಡಕ್ಕೆ ಫೋನು ಹಚ್ಚಿ, ತನಗೆ ಬರುವಷ್ಟು ಹಿಂದಿಯಲ್ಲಿ ಎಲ್ಲ ಹೇಳಿದಳು: ಗಾಯ, ಜೀಪು, ಸುಡಗಾಡಿನ ದಾರಿ. ಆಮೇಲೆ ಖೀರಪ್ಪನ ಅಂಗಳಕ್ಕೆ ಹೋಗಿ, ನೆಲಕ್ಕೆ ಮಲಗಿ, ಜೀಪಿನ ಕೆಳಗೆ ತಲೆ ಹಾಕಿದಳು. ಗೊಂಡೆ ಇತ್ತು. ಎರಡು ಕವಡೆ, ಒಂದು ಗಾಜಿನ ಮಣಿ, ಭೀಮಿಬಾಯಿ ಮಾತ್ರ ಹಾಕುತ್ತಿದ್ದ ಜೋಡಿ ಗಂಟು. ಮುಟ್ಟದೆ ಹೊರಗೆ ಬಂದು, ಮುಂದಿನ ಗಾಲಿಗೆ ಬೆನ್ನು ಕೊಟ್ಟು ಕೂತಳು.

ಖೋಲಿ ತೊಳೆಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ದೂರದಲ್ಲಿ ನಿಂತರು.

"ಏಳವ್ವಾ," ಎಂದಳು ಚಾಂದಿಬಾಯಿ. "ನಾಯ್ಕ ನೋಡಿದ್ರ ನಮ್ಮ ಸಾಮಾನೆಲ್ಲಾ ಬೀದಿಗಿ ಒಗೀತಾನ."

"ಕೆಳಗ ಒಮ್ಮಿ ನೋಡು ಕಾಕು. ಆಮ್ಯಾಲೆ ಏಳು ಅನ್ನು."

ಚಾಂದಿಬಾಯಿ ಮೊಣಕಾಲೂರಿ ನೋಡಿದಳು. ಎದ್ದವಳು ಎರಡನೆಯ ಗಾಲಿಗೆ ಒರಗಿ ಕೂತಳು. ಅವಳನ್ನು ನೋಡಿ ಉಳಿದವರೂ ಬಂದು ಗಾಡಿಯ ಸುತ್ತ ಕೂತರು.

ಫೋನು ಗುಂಯ್‌ಗುಟ್ಟಿತು. ಮೀನಾಕ್ಷಿ ಅದನ್ನು ಎಲ್ಲರಿಗೂ ಕೇಳುವಂತೆ ಮಾಡಿ ಮಡಿಲಲ್ಲಿಟ್ಟುಕೊಂಡಳು. ಮೊದಲು ಗಾಳಿಯ ಸದ್ದು, ಕಟ್ಟಿಗೆ ಸರಿಸುವ ಸದ್ದು. ಆಮೇಲೆ ಖೀರಪ್ಪ: "ಮೂರು ಸುತ್ತು ಆತು. ಯಾಕ ನಿಂತಿ? ಹಚ್ಚು."

"ನಾಯ್ಕರ," ಎಂದ ಪಾಂಡು, "ನಿನ್ನಿ ಜೀಪಿಗಿ ಏನು ಬಡೀತ್ರಿ?"

"ನಾಯಿ ಅಂತ ಹೇಳಿಲ್ಲೇನ. ಇದನ್ನ ಕೇಳೂ ಹೊತ್ತೇನ ಇದು?"

"ಆ ನಾಯಿ ಕವಡಿ ಕಟಗೊಂಡಿತ್ತೇನ್ರಿ?"

ಇಲ್ಲಿ ಹೆಂಗಸರು ಫೋನಿನ ಕಡೆ ಬಾಗಿದರು.

"ನಮ್ಮವ್ವನ ಲಂಗದ ಗೊಂಡೆ ನಿಮ್ಮ ಬಂಪರಿನಾಗ ಐತಿ. ನಾಯಿ ರಕ್ತ ಅಂತ ಹೇಳಿ ನನ್ನ ಕೈಲೆ ತೊಳಸೀರಿ. ನಾ ಹೆಣಕ್ಕ ಬೆಂಕಿ ಹಚ್ಚೂದಿಲ್ಲ."

"ಆ ಗಂಡ ಬಿಟ್ಟಾಕಿ ನಿನ್ನ ಕಿವಿ ಊದ್ಯಾಳ. ಆಕಿ ಹಿಂದಕ್ಕೂ ಹಿಂಗ ಸುಳ್ಳ ಹುಟ್ಟಿಸಿದ್ಲು."

"ಹಿಂದಕ್ಕೂ ಆಕಿ ಖರೇನ ಹೇಳಿದ್ಲು," ಎಂದ ಪಾಂಡು. "ಗೋದಾಮಿನಾಗ ನೀ ಆಕಿ ಕೈ ಹಿಡದಿದ್ದಿ. ನಮ್ಮವ್ವ ನಂಬಿದ್ಲು. ನಾ ನಂಬಲಿಲ್ಲ. ಎಲ್ಲಾರೂ ಕೇಳ್ರಿ, ನಾ ನಂಬಲಿಲ್ಲ."

ಏನೋ ಬಿದ್ದ ಸದ್ದು, ಗದ್ದಲ. ಫೋನು ನಿಂತಿತು.

ಮೀನಾಕ್ಷಿ ಎರಡು ಸಲ ತಿರುಗಿ ಹಚ್ಚಿದಳು. ಹತ್ತಲಿಲ್ಲ. ಕೊಳ್ಳಿ ಯಾರ ಕೈಗೆ ಹೋಯಿತೋ, ಬೇರೆ ಯಾರಾದರೂ ಚಿತೆಗೆ ಬೆಂಕಿ ಇಟ್ಟರೋ, ಅವನನ್ನು ಹೊಡೆದು ಕೆಡವಿದರೋ. ಬೆಂಕಿ ಹತ್ತಿದರೆ ಅತ್ತೆಯ ಮೈಮೇಲಿದ್ದ ಸಾಕ್ಷಿ ಬೂದಿ. ಅವಳು ಎದ್ದು ಓಡಬೇಕೆಂದುಕೊಂಡಳು. ಎದ್ದರೆ ಜೀಪು ಹೋಗುತ್ತದೆ. ಕೀಲಿಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು ಕೂತಲ್ಲೇ ಕೂತಳು.

ಮೊದಲು ಬಂದದ್ದು ಖೀರಪ್ಪ, ಯಾರದೋ ಸ್ಕೂಟರಿನ ಮೇಲೆ, ಒಬ್ಬನೇ. ಟವೆಲು ಎಲ್ಲೋ ಬಿದ್ದುಹೋಗಿತ್ತು. ಕೈಯಲ್ಲಿ ಇನ್ನೊಂದು ಕೀಲಿ ಇತ್ತು.

"ಏಳ್ರಿ ಮ್ಯಾಲೆ."

ಯಾರೂ ಏಳಲಿಲ್ಲ.

"ಚಾಂದಿ, ಇವತ್ತು ಸಂಜಿ ಒಳಗ ಖೋಲಿ ಖಾಲಿ ಮಾಡು."

"ಮಾಡ್ತೀನಿ," ಎಂದಳು ಚಾಂದಿಬಾಯಿ. "ಸಂಜಿ ಇನ್ನೂ ದೂರ ಐತಿ."

ಅವನು ಬಾಗಿಲು ತೆರೆದು ಹತ್ತಿ ಎಂಜಿನ್ ಚಾಲೂ ಮಾಡಿದ. ಗಾಲಿಗೆ ಒರಗಿದ್ದ ಮೀನಾಕ್ಷಿಯ ಬೆನ್ನು ಗಡಗಡ ಅಲುಗಿತು. ಅವಳು ಹಿಂದೆ ತಿರುಗಲಿಲ್ಲ. ಒಬ್ಬಳನ್ನು ಕತ್ತಲಾಗುವ ಹೊತ್ತಿಗೆ ಮರಳು ದಾರಿಯಲ್ಲಿ ಹಾಯ್ದು ಬಂದವನಿಗೆ, ಹಗಲಿನಲ್ಲಿ, ಹದಿನಾಲ್ಕು ಜನ ಹೆಂಗಸರನ್ನು ಹಾಯ್ದು ಹೋಗಲು ಆಗಲಿಲ್ಲ. ಎಂಜಿನ್ ನಿಂತಿತು. ಅವನು ಇಳಿದ.

ಅಷ್ಟರಲ್ಲಿ ಪೊಲೀಸರ ಗಾಡಿ ಬಂತು. ಅದರ ಹಿಂದೆ ಸುಡಗಾಡಿಗೆ ಹೋಗಿದ್ದ ಗಂಡಸರೆಲ್ಲ ಬಂದರು. ಹೆಣವನ್ನು ಚಿತೆಯಿಂದ ಇಳಿಸಿ ಮಡಗಾಂವಿನ ಆಸ್ಪತ್ರೆಗೆ ಕಳಿಸಿದ್ದರು. ಪಾಂಡುವಿನ ತುಟಿ ಒಡೆದಿತ್ತು, ಒಂದು ಅಂಗೈ ಸುಟ್ಟಿತ್ತು. ಕೊಳ್ಳಿ ಕಸಿದುಕೊಳ್ಳಲು ಬಂದವರಿಗೆ ಕೊಡದೆ, ಅದನ್ನು ನೆಲಕ್ಕೆ ತಿಕ್ಕಿ ಆರಿಸಿದ್ದನಂತೆ. ಪೊಲೀಸರಿಗೆ ಅವನೇ ಗೊಂಡೆ ತೋರಿಸಿದ. ತೊಳೆದ ಜಾಗ ತೋರಿಸಿದ. ಆಮೇಲೆ ಮೀನಾಕ್ಷಿಯಿಂದ ನಾಲ್ಕು ಹೆಜ್ಜೆ ದೂರ ನಿಂತ.

"ಹೇಳಿಕಿ ಬರಸಾಕ ಸ್ಟೇಷನ್ನಿಗಿ ಕರದಾರ. ನನ್ನನ್ನೂ ಒಳಗ ಹಾಕಬಹುದು."

"ಹಾಕ್ಲಿ."

ಅವನು ತಲೆಯಾಡಿಸಿ ಹೊರಟ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಅವಳು ಹಿಂದಿನಿಂದ ಅಂದಳು: "ನಾನೂ ಬರ್ತೀನಿ. ಒಂದು ಅಕ್ಷರ ಬಿಟ್ಟಿ ಅಂದ್ರ ಅಲ್ಲೇ ನಿಂತು ನಾ ಹೇಳ್ತೀನಿ." ಅವನ ಅಂಗೈ ನೋಡಿ, "ಕೈಗಿ ಮೊದ್ಲ ನೀರು ಹಾಕ್ಕೋ," ಎಂದಳು.

ಅಳತೆ ಹಿಡಿದು ಫೋಟೋ ತೆಗೆಯುವವರೆಗೆ ಎಲ್ಲಿಗೂ ಹೋಗಬಾರದೆಂದು ಪೊಲೀಸರು ಖೀರಪ್ಪನಿಗೆ ಹೇಳಿದ್ದರು. ಹೊತ್ತು ನೆತ್ತಿಗೆ ಬಂದಿತ್ತು. ಆ ಅಂಗಳದಲ್ಲಿ ನೆರಳೆಂದರೆ ಬಾದಾಮಿ ಮರದ್ದು ಒಂದೇ. ಜೀಪಿನ ಸುತ್ತಲಿಂದ ಎದ್ದ ಹೆಂಗಸರು ಆ ನೆರಳಲ್ಲಿ ಒತ್ತೊತ್ತಾಗಿ ಕೂತಿದ್ದರು. ಖೀರಪ್ಪ ಅದರ ಅಂಚಿಗೆ ಬಂದು, ಒಂದು ಕಾಲು ಒಳಗಿಟ್ಟು ನಿಂತ. ಚಾಂದಿಬಾಯಿ ಅವನ ಮುಖ ನೋಡದೆ, ತನ್ನ ಲಂಗದ ಘೇರನ್ನು ಎರಡೂ ಕೈಯಿಂದ ಎತ್ತಿ, ಉಳಿದಿದ್ದ ಜಾಗದ ತುಂಬ ಹರಡಿದಳು.