ಟೇಪಿನಾಚೆಯ ಪಿಯಾನೊ

"ರೋಸಿಯಕ್ಕ, ಒಮ್ಮೆ ಟೇಪ್ ದಾಟಿದ್ರೆ ನಾಳೆ ಬೆಳಿಗ್ಗೆವರೆಗೆ ಈಚೆ ಬರ್ಲಿಕ್ಕಿಲ್ಲ. ಗೊತ್ತುಂಟಲ್ಲ?" ಎಂದ ಮೆಲ್ರಾಯ್, ರೋಸಿಯಂತೆ ಮಂಗಳೂರಿನಿಂದ ಬಂದಿದ್ದ ಕಿರಿಯ ನರ್ಸ್.

ರೋಸಿಗೆ ಗೊತ್ತಿಲ್ಲದೆ ಏನು? ಐರ್ಲೆಂಡಿನ ಲಿಮೆರಿಕ್ಕಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಆ ನರ್ಸಿಂಗ್ ಹೋಮಿನ ಕಾರಿಡಾರಿಗೆ ಕೆಂಪು ಟೇಪ್ ಅಂಟಿಸಿದವಳೇ ಅವಳು. ಈಚೆ ಕೋವಿಡ್ ಬಂದವರ ಕೋಣೆಗಳು, ಆಚೆ ಬಾರದವರವು. ದಾಟಿದರೆ ಗೌನು, ಮಾಸ್ಕು ಎಲ್ಲ ಕಳಚಿ, ಸ್ನಾನ ಮಾಡಿ, ಆ ದಿನವೆಲ್ಲ ಆಚೆಯೇ ಇರಬೇಕು. ಎರಡು ವಾರದಲ್ಲಿ ಈಚೆ ಕಡೆ ಏಳು ಜನ ತೀರಿಕೊಂಡಿದ್ದರು. ಮನೆಯವರನ್ನು ಒಳಗೆ ಬಿಡುವಂತಿರಲಿಲ್ಲ. ಏಳೂ ಜನ ಕೊನೆಯುಸಿರೆಳೆದದ್ದು ರೋಸಿಯ ಕೈ ಹಿಡಿದುಕೊಂಡೇ. ಎಂಟನೆಯವಳ ಕೈಯನ್ನು ಅವಳು ಬೆಳಿಗ್ಗೆಯಿಂದ ಬಿಟ್ಟಿರಲಿಲ್ಲ.

ಎಂಟನೆಯವಳು ಲುವೆಲಾ. ಅಮೆರಿಕದವಳು, ಎಂಬತ್ತಾರು ವರ್ಷ. ಆ ಹೆಂಗಸಿನ ಕಥೆ ಸಣ್ಣದಲ್ಲ. ಆರು ವರ್ಷಕ್ಕೇ ಮೆಂಫಿಸ್ಸಿನ ಚರ್ಚಿನಲ್ಲಿ ಪಿಯಾನೊ ಮುಂದೆ ಕೂತವಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ದನಿ ಮಾತ್ರ ಮುಂದಿನ ಊರಿಗೂ ಎಟುಕುತ್ತಿತ್ತು. ಇಪ್ಪತ್ತಕ್ಕೆ ಜಾಝ್, ಮೂವತ್ತಕ್ಕೆ ಕಂಟ್ರಿ ಹಾಡು, ನಲವತ್ತಕ್ಕೆ ಒಪೆರಾ. ಜಾಝಿನವರು ಇವಳು ನಮ್ಮವಳಲ್ಲ ಎಂದರು, ಒಪೆರಾದವರು ಮೊದಲೇ ಹಾಗೆಂದಿದ್ದರು, ರೆಕಾರ್ಡ್ ಅಂಗಡಿಯವರು ಯಾವ ಕಪಾಟಿನಲ್ಲಿಡುವುದೆಂದು ತಿಳಿಯದೆ ಮೇಜಿನ ಕೆಳಗಿಟ್ಟರು. ಐರ್ಲೆಂಡಿಗೆ ನಾಲ್ಕು ಸಂಗೀತ ಕಛೇರಿಗೆಂದು ಬಂದವಳು, ಊರಿಂದೂರಿಗೆ ಕರೆದೊಯ್ದ ಬಸ್ ಡ್ರೈವರನ್ನೇ ಮದುವೆಯಾಗಿ ಇಲ್ಲೇ ಉಳಿದಳು. ಒಮ್ಮೆ ಅವಳು ಹಾಡುತ್ತಿದ್ದಾಗ ಶ್ಯಾನನ್ ನದಿಯ ಹಂಸಗಳೆಲ್ಲ ಹೋಟೆಲಿನ ಮೆಟ್ಟಿಲು ಹತ್ತಿ ಬಂದಿದ್ದವಂತೆ. ರೋಸಿ ಅದರಲ್ಲಿ ಅರ್ಧ ನಂಬಿದ್ದಳು: ಹಂಸ ಬಂದದ್ದು ನಿಜವಿರಬಹುದು, ಎಲ್ಲವೂ ಬಂದಿರಲಿಕ್ಕಿಲ್ಲ.

ಬೆಳಿಗ್ಗೆ ಡಾಕ್ಟರು ಫೋನಿನಲ್ಲೇ, ಸಂಜೆ ದಾಟುವುದು ಕಷ್ಟ ಎಂದಿದ್ದರು. ಮೆಲ್ರಾಯ್ ಮೊಬೈಲಿನಲ್ಲಿ ಲುವೆಲಾಳದೇ ಹಳೆಯ ಹಾಡು ಹುಡುಕಿ ಹಾಕಿದ. ಅವಳು ಮುಖ ತಿರುಗಿಸಿದಳು. ಹಾಡಿ ಮುಗಿದದ್ದು ತನಗೆ ಬೇಡ, ಯಾರಾದರೂ ಈಗ ನುಡಿಸಲಿ, ತಪ್ಪಾದರೂ ಸರಿ ಎಂದು ಉಸಿರು ಕೂಡಿಸಿ ಕೂಡಿಸಿ ಹೇಳಿದಳು. ಪಿಯಾನೊ ಇದ್ದದ್ದು ಟೇಪಿನ ಆಚೆ, ಎಲ್ಲರೂ ಕೂರುವ ಹಾಲ್‌ನಲ್ಲಿ. ಅಲ್ಲಿದ್ದವರಲ್ಲಿ ಅದನ್ನು ಮುಟ್ಟಿ ಗೊತ್ತಿದ್ದವಳು ರೋಸಿ ಒಬ್ಬಳೇ, ಅದೂ ಚಳಿಗಾಲದಲ್ಲಿ ಲುವೆಲಾ ಕಲಿಸಿದಷ್ಟು.

"ನಾನು ಆಚೆ ಹೋದ್ರೆ ನಿಮ್ಮ ಕೈ ಹಿಡಿಯುವವರು ಯಾರು?" ಎಂದು ರೋಸಿ ಕೇಳಿದಳು.

ಲುವೆಲಾ ಕಣ್ಣು ಮುಚ್ಚಿಕೊಂಡೇ ನಕ್ಕಳು. "ಹಿಡಿದುಕೊಂಡ ಕೈಯಲ್ಲಿ ನುಡಿಸೋದು ಹೇಗೆ, ಮಗಾ? ಬಿಡು."

ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಿಗಿಯಾಗಿ ಹಿಡಿದಿದ್ದದ್ದು ರೋಸಿಯೇ.

"ಬಾಗಿಲು ತೆರೆದಿಡು. ನೀನು ಹತ್ರ ಕೂತ್ಕೋ," ಎಂದು ಮೆಲ್ರಾಯ್‌ಗೆ ಹೇಳಿ ಟೇಪ್ ದಾಟಿದಳು.

ಸ್ನಾನಕ್ಕೆ ಹಿಡಿದದ್ದು ಹತ್ತೇ ನಿಮಿಷ. ಅವಳ ಪಾಲಿಗೆ ಮಂಗಳೂರಿಗೆ ಹೋಗಿ ಬಂದಷ್ಟು ಹೊತ್ತು. ಪಿಯಾನೊ ಮುಂದೆ ಕೂತಾಗ ಒದ್ದೆ ಕೂದಲಿನಿಂದ ನೀರು ಕೀಗಳ ಮೇಲೆ ತೊಟ್ಟಿಕ್ಕಿತು. ಬೆರಳಿಗೆ ಬಂದದ್ದು ಊರಿನ ಇಗರ್ಜಿಯಲ್ಲಿ ಪ್ರಾರ್ಥನೆಗೆ ಬಾರಿಸುವ ಹಾರ್ಮೋನಿಯಂನಲ್ಲಿ ಕಲಿತಿದ್ದ ಕೊಂಕಣಿ ಹಾಡು. ಬಲಗೈ ಹೇಗೋ ನಡೆಯಿತು. ಎಡಗೈ ಮಾತ್ರ ಹಳೆಯ ಅಭ್ಯಾಸದಂತೆ ಇಲ್ಲದ ತಿದಿಯನ್ನು ಗಾಳಿಯಲ್ಲಿ ಒತ್ತತೊಡಗಿತು. ಚಳಿಗಾಲದಲ್ಲಿ ಇದನ್ನು ನೋಡಿ ಲುವೆಲಾ ಕೆಮ್ಮು ಬರುವಷ್ಟು ನಕ್ಕು, ಆ ಕೈಯನ್ನು ಮೂರು ಕೀಗಳ ಮೇಲೆ ಕೂರಿಸಿದ್ದಳು. ರೋಸಿ ಆ ಮೂರನ್ನು ಹುಡುಕಿದಳು. ಎರಡು ಸಿಕ್ಕವು.

"ಅಕ್ಕ, ಎಡಗೈ ಅಂತಿದ್ದಾರೆ," ಕಾರಿಡಾರಿನಿಂದ ಮೆಲ್ರಾಯ್ ದನಿ ಬಂತು.

ಮತ್ತೆ ಮೊದಲಿನಿಂದ. ಈ ಸಲ ಮೂರನೆಯದೂ ಸಿಕ್ಕಿತು.

"ಈಗ ಏನು ಹೇಳ್ತಾರೆ?"

"ಗ್ರ್ಯಾಂಡ್ ಅಂತೆ." ಅಡ್ಡಿಯಿಲ್ಲ ಎನ್ನಲು ಐರ್ಲೆಂಡಿನವರು ಹೇಳುವ ಮಾತದು.

ಮೂರನೆಯ ಸುತ್ತಿಗೆ ಒಳಗಿನಿಂದ ಮಾತು ಬರಲಿಲ್ಲ. ಮೆಲ್ರಾಯ್ ಬಂದು ಟೇಪಿನ ಅಂಚಿಗೆ ನಿಂತದ್ದು ರೋಸಿಯ ಓರೆಗಣ್ಣಿಗೆ ಕಂಡಿತು. ಅವನು ಗೋಡೆಯ ಗಡಿಯಾರ ನೋಡಿ ಚೀಟಿಯಲ್ಲಿ ಹೊತ್ತು ಬರೆದುಕೊಂಡ, ಹಿಂದಿನ ಏಳು ಜನರಿಗೆ ಬರೆದಂತೆ. ಅವಳು ತಲೆಯೆತ್ತಲಿಲ್ಲ. ಹಾಡಿಗೆ ಇನ್ನೂ ಎರಡು ಸಾಲು ಬಾಕಿಯಿತ್ತು. ಆದಷ್ಟು ನಿಧಾನ ಮಾಡಿದಳು. ಮೆಲ್ರಾಯ್ ಪೆನ್ನಿನ ಕ್ಯಾಪ್ ಮುಚ್ಚಿ, ಎರಡೂ ಕೈ ಕಟ್ಟಿಕೊಂಡು, ಅವಳು ಮುಗಿಸುವ ತನಕ ಅಲ್ಲಿಯೇ ನಿಂತಿದ್ದ.