ಹೊಳೆ ನಡುವೆ ಹೂತ ಬಳ್ಳಿ

ನಲವತ್ತು ವರ್ಷದಿಂದ ಸೂಲಗಿತ್ತಿಯಾಗಿದ್ದೇನೆ. ನನ್ನ ಹಾಳು ಕೈ ಯೋಚಿಸದೆ ಮಾಡಿದ್ದು ಒಂದೇ ಕೆಲಸ. ಅದೂ ಸ್ವಂತ ಮೊಮ್ಮಗಳಿಗೆ.

ನಮ್ಮಲ್ಲಿ ಮಗು ಹುಟ್ಟಿದ ಕಡೆಯೇ ಹೊಕ್ಕುಳಬಳ್ಳಿ ಹೂಳುತ್ತೇವೆ. 'ಯಾವೂರು' ಎಂದು ಕೇಳುವುದಿಲ್ಲ, 'ನಿನ್ನ ಬಳ್ಳಿ ಎಲ್ಲಿದೆ' ಎನ್ನುತ್ತೇವೆ. ಲಿಂಪೊಪೊ ಹೊಳೆಯ ಈ ದಡ ಜಿಂಬಾಬ್ವೆ. ಇಲ್ಲಿ ನನ್ನ ಮಗಳು ರೆಂದಾನಿಯ ಎರಡು ಕೂಸುಗಳು ಔಷಧಿಯಿಲ್ಲದ ಆಸ್ಪತ್ರೆಯಲ್ಲಿ ಹೋಗಿಬಿಟ್ಟವು. ಮೂರನೆಯದಾದರೂ ಆಚೆ ದಡದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಲಿ ಎಂದು ನೋವು ಶುರುವಾದೊಡನೆ ಬತ್ತಿದ ಹೊಳೆಗೆ ಇಳಿದೆವು. ಕೂಸು ಅಲ್ಲಿಯವರೆಗೆ ಕಾಯಲಿಲ್ಲ. ನಡುಹೊಳೆಯ ಕರಿಬಂಡೆಯ ಬಳಿ ಮುಲಾಲೊ ಹುಟ್ಟಿದಳು. ರೂಢಿ ಬಿದ್ದ ಕೈಯಲ್ಲವೇ, ಬಳ್ಳಿಯನ್ನು ಗಡಿಗೆಯ ಚೂರಿನಲ್ಲಿಟ್ಟು ಅಲ್ಲೇ ಮರಳಲ್ಲಿ ಹೂತು, ತಾಯಿ ಮಗುವನ್ನು ಕರೆದುಕೊಂಡು ಮನೆಗೆ ಮರಳಿದೆ.

ಜನನ ಚೀಟಿ ಬರೆಯುವವನು ಕೇಳಿದ, "ಎಲ್ಲಿ ಹುಟ್ತಜ್ಜಿ?"

"ಹೊಳೆ ನಡುವೆ."

"ಹಂಗಾದ್ರೆ ಹೊಳೇನೇ ಚೀಟಿ ಕೊಡ್ಲಿ ಬಿಡು," ಎಂದು ನಕ್ಕ. ಆಚೆ ದಡದವನೂ ಹೀಗೇ ನಕ್ಕ. ಚೀಟಿಯಿಲ್ಲದೆ ಶಾಲೆಯೂ ಸಿಗಲಿಲ್ಲ.

ಮುಲಾಲೊಗೆ ಏಳು ತುಂಬಿದಾಗ ಅದು ಶುರುವಾಯಿತು. ಜ್ವರದಲ್ಲಿ ಸುಡುತ್ತಿದ್ದವಳನ್ನು ಆಸ್ಪತ್ರೆಗೆ ಕರೆದೊಯ್ದರೆ, ನರ್ಸಮ್ಮ ಎದುರಿಗೆ ಯಾರೂ ಇಲ್ಲವೆಂಬಂತೆ ಅವಳ ತಲೆಯ ಮೇಲಿಂದ ಹಿಂದಿನವರನ್ನು ಕರೆದಳು. ಮರಳಲ್ಲಿ ನಡೆದರೆ ಹೆಜ್ಜೆ ಮೂಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮುಲಾಲೊ ಖಾಲಿ ಬಟ್ಟಲು ಹಿಡಿದು ಬಂದಳು. "ಅಮ್ಮ ನಂಗೆ ಮುದ್ದೆ ಹಾಕ್ಲೇ ಇಲ್ಲಜ್ಜಿ."

"ಏನೇ ರೆಂದಾನಿ, ಕಣ್ಣನ್ನ ಹಿತ್ತಲಲ್ಲಿ ಮರೆತು ಬಂದ್ಯಾ?"

"ಅಯ್ಯೋ, ಇಲ್ಲೇ ಕೂತಿದ್ಲಾ?" ಎಂದಳು ನನ್ನ ಮಗಳು. ಹೆತ್ತವಳೇ. ಇನ್ನು ತಡಮಾಡಿದರೆ ಮಗು ಪೂರ್ತಿ ಅಳಿಸಿಹೋಗುತ್ತದೆ ಎಂದು ನನಗೆ ಗೊತ್ತಾಯಿತು.

ಆ ಬಳ್ಳಿಗೆ ಒಂದು ದಡ ಬೇಕಿತ್ತು.

"ಇಲ್ಲೇ ಕೂತಿರು ಪುಟ್ಟಿ, ಎಲ್ಲೂ ಹೋಗ್ಬೇಡ," ಎಂದು ಗುದ್ದಲಿ ಹಿಡಿದು ಹೊರಟೆ.

"ಬೇಗ ಬಾ ಅಜ್ಜಿ. ನೀನಿಲ್ದಿದ್ರೆ ಯಾರೂ ನನ್ನ ಮಾತಾಡ್ಸಲ್ಲ."

ಏಳು ಮಳೆಗಾಲದ ನೆರೆ ಹರಿದುಹೋದರೂ ಗಡಿಗೆಯ ಚೂರು ಕರಿಬಂಡೆಯ ಬುಡದಲ್ಲೇ ಇತ್ತು. ಅದರೊಳಗಿನ ಬಳ್ಳಿ ಈಗಷ್ಟೇ ಕೊಯ್ದಂತೆ ಹಸಿಯಾಗಿತ್ತು, ಬೆಚ್ಚಗಿತ್ತು. ಅದನ್ನು ಹಿಡಿದು ಎಷ್ಟು ಹೊತ್ತು ನಿಂತೆನೋ. ಈ ದಡದಲ್ಲಿ ಹೂತರೆ ನನ್ನ ಕಣ್ಣೆದುರೇ ಇರುತ್ತಾಳೆ. ಆದರೆ ಈ ದಡದಲ್ಲಿ ಆ ಎರಡು ಕೂಸುಗಳ ಪುಟ್ಟ ಗುಂಡಿಗಳೂ ಇದ್ದವು. ಅಳುತ್ತಲೇ ಆಚೆ ದಡ ಹತ್ತಿ, ದಡದಂಚಿನ ಶಾಲೆಯ ಬೇಲಿಯ ಬುಡದಲ್ಲಿ ಹೂತೆ.

ಹಿಂತಿರುಗಿದಾಗ ಅಂಗಳದಲ್ಲಿ ಎರಡೇ ಬಟ್ಟಲು ಇದ್ದವು. ಚಾಪೆ ಖಾಲಿ.

"ಯಾರ್ನ ಹುಡುಕ್ತಿದೀಯವ್ವ?" ಎಂದಳು ರೆಂದಾನಿ.

"ನಿನ್ ಮಗಳ್ನ ಕಣೇ."

"ನಂಗೆಲ್ಲಿ ಮಗಳು? ಹುಟ್ಟಿದ್ದೇ ಎರಡು, ಎರಡೂ ಹೋದ್ವಲ್ಲ. ಬಿಸಿಲು ತಲೆಗೆ ಹತ್ತಿದೆ ನಿಂಗೆ, ನೀರು ಕುಡಿ."

ಹೊಳೆಗೆ ಓಡಿದೆ. ಮರಳಲ್ಲಿ ಪುಟ್ಟ ಹೆಜ್ಜೆಗಳು ಆಳವಾಗಿ, ಸ್ಪಷ್ಟವಾಗಿ ಮೂಡಿದ್ದವು. ಎಲ್ಲವೂ ದಕ್ಷಿಣಕ್ಕೆ ಹೋಗಿದ್ದವು.

ಈಗ ದಿನಾ ಬೆಳಿಗ್ಗೆ ದಡದಲ್ಲಿ ಹೋಗಿ ಕೂರುತ್ತೇನೆ. ಆಚೆ ಶಾಲೆಯ ಮೇಷ್ಟ್ರು ಹಾಜರಿ ಕೂಗುತ್ತಾರೆ. "ಮುಲಾಲೊ" ಎಂದಾಗ ನನ್ನ ಮಗುವಿನ ದನಿ "ಇದ್ದೀನಿ" ಎನ್ನುತ್ತದೆ.

ಒಂದು ದಿನ ತಡೆಯಲಾರದೆ, "ಪುಟ್ಟೀ, ಅಜ್ಜಿ ಕಣೇ," ಎಂದು ಕೂಗಿದೆ. ಬೇಲಿಯ ಬಳಿ ಬಂದು ನನ್ನತ್ತಲೇ ನೋಡಿದಳು. ಪಕ್ಕದ ಹುಡುಗಿ ಏನೋ ಕೇಳಿದಳು.

"ಯಾರೋ ಕೂಗಿದ ಹಾಗಾಯ್ತು. ಅಲ್ಲಿ ಯಾರೂ ಇಲ್ಲ," ಎಂದಳು ಮುಲಾಲೊ.