ಅಕ್ಕಾರು ಕೇಳಿದ ವಿಮಾನ

ನನ್ನ ಹೆಸರು ಮೃತ್ಯುಂಜಯ. ಹೆಣ ಕೂರಿಸುವ ವಿಮಾನ ಕಟ್ಟುವವನಿಗೆ ಇಂಥ ಹೆಸರೇ ಎಂದು ಬಹಳ ಜನ ನಕ್ಕಿದ್ದಾರೆ, ನಾನೂ ಅವರ ಜೊತೆ ನಕ್ಕಿದ್ದೇನೆ. ಹಂಸಭಾವಿಯ ಬಸ್ ನಿಲ್ದಾಣದ ಹತ್ತಿರ ನನ್ನ ಅಂಗಡಿ. ‘ಕಲಾವಿದ ಮೃತ್ಯುಂಜಯ, ಮದುವೆ ಮಂಟಪ ಮತ್ತು ಸ್ಟೇಜ್ ಡೆಕೋರೇಷನ್’ ಎಂದು ಬೋರ್ಡು ಹಾಕಿದ್ದೇನೆ. ವಿಮಾನದ ಸುದ್ದಿಯನ್ನು ಅದರಲ್ಲಿ ಬರೆಸಿಲ್ಲ. ಬರೆಸಿದ್ದರೆ ಮದುವೆ ಮನೆಯವರು ಯಾರೂ ನನ್ನ ಮೆಟ್ಟಿಲು ಹತ್ತುತ್ತಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಜಳಕ ಮಾಡಿಸಿ, ವಿಭೂತಿ ಹಚ್ಚಿ, ಬಿದಿರಿನ ವಿಮಾನದಲ್ಲಿ ಕೂರಿಸಿ, ಭಜನೆಯೊಂದಿಗೆ ಮೆರೆಸಿಕೊಂಡು ಹೋಗಿ, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತೇವೆ. ಆ ವಿಮಾನ ಕಟ್ಟುವುದನ್ನು ನನಗೆ ಕಲಿಸಿದ್ದು ಅಪ್ಪ ಚನ್ನವೀರಪ್ಪ. ಮದುವೆ ಸ್ಟೇಜಿನದು ಏನು ಮಹಾ, ಪ್ಲಾಸ್ಟಿಕ್ ಹೂವಿನ ಸರ ಇಳಿಬಿಟ್ಟು ಲೈಟು ಹಾಕಿದರೆ ಮುಗಿಯಿತು. ವಿಮಾನ ಹಾಗಲ್ಲ. ನಾಲ್ಕು ತಾಸಿನೊಳಗೆ ಬಿದಿರು ಸೀಳಬೇಕು, ಕಂಬಕ್ಕೆ ಬಾಳೆಪಟ್ಟೆ ಸುತ್ತಬೇಕು, ಬಣ್ಣದ ಕಾಗದ ಕತ್ತರಿಸಿ ಕಮಾನು ಮಾಡಬೇಕು, ಮೇಲೆ ಚೆಂಡುಹೂವಿನ ಗೋಪುರ ಏರಿಸಬೇಕು. ಅಷ್ಟು ಮಾಡಿದ್ದು ಸಂಜೆಯೊಳಗೆ ಗುಂಡಿಯ ಪಕ್ಕ ಬಿದ್ದಿರುತ್ತದೆ. ಮಾರನೇ ದಿನ ದನ ಬಂದು ಬಾಳೆಪಟ್ಟೆ ತಿಂದುಕೊಂಡು ಹೋಗುತ್ತವೆ.

ಅಪ್ಪ ಹೇಳಿಕೊಟ್ಟ ನಿಯಮ ಎರಡೇ. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೇನಿ’ ಅನ್ನಬಾರದು. ವಿಮಾನ ಎಷ್ಟು ಚೆನ್ನಾಗಿದ್ದರೂ ‘ಚಂದ ಆಗೇತಿ’ ಎಂದು ಯಾರೂ ಅನ್ನಬಾರದು. ಮೂವತ್ತು ವರ್ಷ ಯಾರೂ ಅನ್ನಲಿಲ್ಲ. ಅನ್ನಿಸಿಕೊಳ್ಳುವ ಆಸೆ ನನಗೆ ಇರಲಿಲ್ಲ ಎಂದರೆ ಶುದ್ಧ ಸುಳ್ಳು.

ಈ ಸಲ ಯುಗಾದಿ ಮುಗಿದ ಮೇಲೆ ನೀಲಾಂಬಿಕಾ ಅಕ್ಕಾರು ಹೇಳಿ ಕಳಿಸಿದರು. ನಮ್ಮೂರ ಶಾಲೆಯ ಶಿಕ್ಷಕಿ, ಒಂದನೇ ಇಯತ್ತೆಯಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು. ಮದುವೆಯಾಗಲಿಲ್ಲ. ತೀರಿಹೋದ ತಮ್ಮನ ಹೆಂಡತಿ ಶಾರವ್ವ ಮತ್ತು ಅವರು ಒಂದೇ ಮನೆಯಲ್ಲಿದ್ದರು. ಅಕ್ಕಾರ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಹುಬ್ಬಳ್ಳಿಯ ಡಾಕ್ಟರು ವಾಪಸ್ ಕಳಿಸಿದ್ದರು.

“ಬಾರೋ, ಕುಂದರು,” ಎಂದರು. “ಬೋರ್ಡಿನ್ಯಾಗ ಕಲಾವಿದ ಅಂತ ಬರಸೀಯಲ್ಲ, ಯಾರು ಕೊಟ್ಟ ಬಿರುದೋ ಅದು?”

“ಯಾರೂ ಕೊಟ್ಟಿಲ್ರಿ ಅಕ್ಕಾರ. ಬೋರ್ಡ್ ಬರಿಯೋ ಖಾದರಸಾಬ, ಹೆಸರಿನ ಮುಂದ ಏನರ ಒಂದು ಇರ್ಲಿ ಅಂದ.”

ಅಕ್ಕಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೋವಿಗೋ ನಗುವಿಗೋ ಕಣ್ಣಲ್ಲಿ ನೀರು ಬಂತು.

“ಪ್ಲಾಸ್ಟಿಕ್ ಹೂ ಜೋತು ಬಿಡಾಕ ಕಲಾವಿದ ಯಾಕ ಬೇಕೋ? ಆದ್ರ ನಿನ್ನ ವಿಮಾನ ನಾ ಒಂದೂ ಬಿಟ್ಟಿಲ್ಲ ನೋಡು. ನಮ್ಮ ಬಾಗಿಲ ಮುಂದನ ಹೋಗ್ತಾವ. ಎಲ್ಲಾರೂ ಹೆಣಕ್ಕ ಕೈ ಮುಗೀತಾರ, ನಾ ವಿಮಾನ ನೋಡಕೋತ ನಿಂದರ್ತೇನಿ. ಹೊಳಬಸಪ್ಪಜ್ಜಂದು ಎಡಗಡೆ ಕಮಾನು ಸೊಟ್ಟ ಆಗಿತ್ತು.”

ಸೊಟ್ಟ ಆಗಿತ್ತು. ಹನ್ನೊಂದು ವರ್ಷದ ಹಿಂದಿನ ಮಾತು. ಮಳೆ ಬರುತ್ತದೆಂದು ಅವಸರ ಮಾಡಿದ್ದೆ. ಅದು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಇಷ್ಟು ವರ್ಷ ಒಬ್ಬರು ನೋಡುತ್ತಿದ್ದರು.

“ನಂದು ನಾ ನೋಡಬೇಕು,” ಎಂದರು ಅಕ್ಕಾರು. “ಅದರಾಗ ಕುಂತು ಹೋದವರು ಒಬ್ಬರೂ ತಮ್ಮ ವಿಮಾನ ನೋಡಿಲ್ಲ. ಹಿತ್ತಲದಾಗ ಕಟ್ಟು. ಎಚ್ಚರ ಇದ್ದಾಗ ತೋರಸು. ಚಂದ ಆಗಿದ್ರ ಚಂದ ಆಗೇತಿ ಅಂತೇನಿ, ಸೊಟ್ಟ ಆಗಿದ್ರ ಕಿವಿ ಹಿಂಡ್ತೇನಿ.”

“ಜೀವ ಇದ್ದಾಗ ಕಟ್ಟಬಾರದ್ರಿ ಅಕ್ಕಾರ.”

“ಯಾಕ, ನನಗ ಇನ್ನೇನ ಆಗೋದು ಉಳದೈತಿ?”

ನಿಜ ಹೇಳಬೇಕೆಂದರೆ ನನ್ನ ಅಡ್ಡಿ ಶಾಸ್ತ್ರದ್ದಾಗಿರಲಿಲ್ಲ. ಎಂಟು ದಿನ ಬಿಟ್ಟು ಹಿರೇಕೆರೂರಿನ ಸಾಹುಕಾರರೊಬ್ಬರ ಮಗಳ ಮದುವೆಯಿತ್ತು. ಅಷ್ಟು ದೊಡ್ಡ ಸ್ಟೇಜು ನಾನು ಅದುವರೆಗೆ ಹಾಕಿರಲಿಲ್ಲ. ಮದುವೆ ಮುಗಿಯುವ ತನಕ ಸಾವಿನ ಕೆಲಸ ಮುಟ್ಟಬೇಡ ಎಂದು ಅವರು ಮೊದಲೇ ತಾಕೀತು ಮಾಡಿದ್ದರು. ಬದುಕಿರುವವರಿಗೆ ವಿಮಾನ ಕಟ್ಟಿದೆ ಎಂಬ ಸುದ್ದಿ ಹಿರೇಕೆರೂರು ಮುಟ್ಟಲು ಒಂದು ಫೋನು ಸಾಕು.

“ಇದೊಂದು ಮದುವಿ ಮುಗಿಸಿ ಬರ್ತೇನ್ರಿ. ಎಂಟ ದಿನ.”

“ಆತು ತಗೋ. ಮೊದಲು ಬೋರ್ಡಿನ ಕೆಲಸ ಮಾಡು,” ಎಂದರು ಅಕ್ಕಾರು. ಬೈದಿದ್ದರೆ ಚೆನ್ನಾಗಿತ್ತು.

ಮದುವೆ ಚೆನ್ನಾಗಿ ಆಯಿತು. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹೂವು, ಥರ್ಮಾಕೋಲಿನ ನವಿಲು, ನಡುವೆ ವಧೂವರರ ಹೆಸರು. ಸಾಹುಕಾರರು ನನ್ನ ಹೆಗಲ ಮೇಲೆ ಕೈ ಹಾಕಿ, “ಇವರ ನೋಡ್ರಿ ನಮ್ಮ ಕಲಾವಿದರು. ಭಾಳ ಚಂದ ಮಾಡ್ಯಾರ,” ಎಂದು ಬೀಗರಿಗೆ ತೋರಿಸಿದರು. ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಊಟಕ್ಕೂ ನಿಲ್ಲದೆ ಟೆಂಪೊ ಹತ್ತಿದೆ. ಅಲ್ಲಿಂದ ಚಿಕ್ಕೇರೂರಿಗೆ ಹೋಗಿ, ಪರಿಚಯದವರ ಹೊಲದಲ್ಲಿ ಚೆಂಡುಹೂವು ಬಿಡಿಸಿಕೊಂಡೆ. ಬಿದಿರು ಅಂಗಡಿಯಲ್ಲಿತ್ತು. ಎಲ್ಲ ಹೇರಿಕೊಂಡು ನೇರ ಅಕ್ಕಾರ ಮನೆಗೆ ಬಂದೆ.

ಶಾರವ್ವ ಬಾಗಿಲಲ್ಲೇ ತಡೆದಳು. “ಈಗ ಬಂದ್ರೇನು? ನಾಕ ದಿನ ನಿಮ್ಮ ಹೆಸರ ಹಿಡದು ಕೇಳಿದ್ರು. ನಿನ್ನೆಯಿಂದ ಯಾರ ಗುರ್ತೂ ಹತ್ತವಲ್ದು ಅವರಿಗೆ.”

ನಾನು ಬಿದಿರು ಇಳಿಸಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಮೊದಲ ಬಿದಿರು ಸೀಳಿದಾಗ ಶಾರವ್ವ ಕಿವಿ ಮುಚ್ಚಿಕೊಂಡು ಒಳಗೆ ಹೋದಳು. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, “ಜೀವ ಇದ್ದಾಕಿಗೆ ಹಿಂಗ ಮಾಡ್ತೀರಿ, ನಿಮ್ಮ ಕೈ ಸೇದಿ ಹೋಗ್ಲಿ,” ಎಂದು ಶಾಪ ಹಾಕಿದಳು. ಸ್ವಲ್ಪ ಹೊತ್ತಿಗೆ ಶಾರವ್ವ ಹೊರಗೆ ಬಂದಳು. ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು.

ಆ ದಿನ ನಾನು ಅವಸರ ಮಾಡಲಿಲ್ಲ. ಎರಡೂ ಕಮಾನುಗಳನ್ನು ದಾರ ಹಿಡಿದು ಅಳೆದೆ, ಮತ್ತೆ ಅಳೆದೆ. ಬಿಳಿ ಕಾಗದದಲ್ಲಿ ಅ ಆ ಇ ಈ ಕತ್ತರಿಸಿ, ಕಮಾನಿನ ಸುತ್ತ ಸಾಲಾಗಿ ಅಂಟಿಸಿದೆ. ಅಪ್ಪ ಇದ್ದಿದ್ದರೆ ಇದೇನು ಹುಚ್ಚು ಎನ್ನುತ್ತಿದ್ದ. ಗೋಪುರ ಏರಿಸಿ ಹಿಂದೆ ಸರಿದು ನಿಂತು ನೋಡಿದೆ. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯದನ್ನು ನಾನು ಕಟ್ಟಿರಲಿಲ್ಲ.

ಇಬ್ಬರೂ ಸೇರಿ ಅಕ್ಕಾರ ಮಂಚವನ್ನು ಹಿತ್ತಲ ಬಾಗಿಲಿಗೆ ತಂದೆವು. ಶಾರವ್ವ ದಿಂಬು ಕೊಟ್ಟು ತಲೆ ಎತ್ತರಿಸಿದಳು. ಅಕ್ಕಾರು ಕಣ್ಣು ತೆರೆದರು. ಬಹಳ ಹೊತ್ತು ನೋಡಿದರು. ನೋಟ ಎಡಗಡೆಯ ಕಮಾನಿನ ಮೇಲೆ ನಿಂತಿತು, ಆಮೇಲೆ ಬಲಗಡೆಗೆ ಹೋಯಿತು. ಅಕ್ಷರಗಳನ್ನು ಓದುವವರಂತೆ ತುಟಿ ಅಲ್ಲಾಡಿತು.

“ಯಾರ ಮದುವಿರಿ ಇದು?” ಎಂದು ನನ್ನನ್ನು ಕೇಳಿದರು.

ಅಕ್ಕಾರು ನನಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು. ಶಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹಿರೇಕೆರೂರಿನವರದ್ರಿ,” ಎಂದೆ. ಸುಳ್ಳು ಹೇಳದೆ ಇರಲು ಆಗಲಿಲ್ಲ.

“ಚಂದ ಆಗೇತ್ರಿ. ಎಲ್ಲೂ ಸೊಟ್ಟ ಇಲ್ಲ.” ಉಸಿರು ಎಳೆದುಕೊಂಡು ಮತ್ತೆ ಮಾತಾಡಿದರು. “ನಮ್ಮ ಸಾಲ್ಯಾಗ ಮೃತ್ಯುಂಜಯ ಅಂತ ಒಬ್ಬ ಹುಡುಗ ಅದಾನ. ನನಗೊಂದು ವಿಮಾನ ಕಟ್ಟಿ ತೋರಸ್ತೇನಿ ಅಂದಾನ. ಅವನ್ನ ಸ್ವಲ್ಪ ಕರೀರಿ. ಇದನ್ನ ನೋಡಿ ಕಲೀಲಿ.”

“ಕರೀತೇನ್ರಿ,” ಎಂದೆ.

ಹಿತ್ತಲಿನಿಂದ ಹೊರಗೆ ಹೋಗಿ, ಗೋಡೆಗೆ ತಲೆ ಆನಿಸಿಕೊಂಡು ಅತ್ತೆ. ಒಳಗೆ ಅಕ್ಕಾರು ಶಾರವ್ವನನ್ನು ಕೇಳುತ್ತಿದ್ದರು, “ಬಂದನೇನವಾ ಮೃತ್ಯುಂಜಯ?”